ಅಳೀಲಾರದ ನೀರು

ಲೇಹ
28 ನವೆಂಬರ್ 2003

ಅಕ್ಕಾ,

ಮೂರು ವರ್ಷ ಆದ ಮ್ಯಾಲ ನಿನಗ ಪತ್ರ ಬರಿಯಾಕ ಕುಂತೇನಿ. ನಡುವ ದೀಪಾವಳಿಗೊಂದು ಕಾರ್ಡು ಹಾಕಿದ್ನಲ್ಲ, ‘ನಾ ಆರಾಮ ಅದೇನಿ, ನೀ ಆರಾಮ ಇರು’ ಅಂತ, ಅದಕ್ಕ ಪತ್ರ ಅನ್ನಾಕ ಬರೂದಿಲ್ಲ. ಅವ್ವ ಸತ್ತಾಗ ನನಗ ಆರು ವರ್ಷ, ನಿನಗ ಹದಿಮೂರು. ಹುನ್ನೂರದ ಮನ್ಯಾಗ ಒಲಿ ಮುಂದ ಕುಂದರಿಸಿಕೊಂಡು ಬೂದ್ಯಾಗ ನನ್ನ ಬಟ್ಟು ಹಿಡದು ಅಕ್ಷರ ತಿದ್ದಿಸಿದಾಕಿ ನೀ. ಆ ಅಕ್ಷರದಾಗ ನಿನಗ ಒಂದ ಸಾಲು ಬರದು ಕೈ ತೊಳಕೊಂಡೆ.

ಈಗ ಯಾಕ ಬರಿಯಾಕತ್ತೇನಿ ಅಂದ್ರ, ನನಗ ಇಲ್ಲೊಂದು ಕೆಲಸ ಹಚ್ಯಾರ. ಯಾರಿಗರ ಹೇಳಬೇಕು ಅನ್ಸಿತು. ನಿನ್ನ ಬಿಟ್ಟು ನನಗ ಯಾರದಾರ?

ಇಲ್ಲಿ ಥಂಡಿಗೆ ಕೆರಿ ಪೂರಾ ಬರ್ಫ ಆಗತೈತಿ. ಅದರ ಮ್ಯಾಲ ಹಾಕಿ ಆಡತಾರ. ಬೂಟಿನ ಕೆಳಗ ಕುಡಗೋಲಿನ ಅಲಗಿನಂಥಾದ್ದು ಇರತೈತಿ, ಅದರ ಮ್ಯಾಲ ನಿಂತು ಜಾರತಾರ. ಚೆಂಡಿಲ್ಲ, ಕರೀ ರಬ್ಬರಿನ ಬಿಲ್ಲಿ, ಸಣ್ಣ ಬೆಲ್ಲದಚ್ಚಿನಷ್ಟ ಇರತೈತಿ. ಅದಕ್ಕ ಪಕ್ ಅಂತಾರ. ಈ ವರ್ಷ ಹೊರದೇಶದ ಕ್ಲಬ್ಬುಗಳು ಬರಾಕತ್ತಾವು. ಫಿನ್ಲಂಡು, ಕೆನಡಾ, ಕಜಾಕಸ್ತಾನ, ಮಂಗೋಲಿಯಾ. ಇಲ್ಲೀದೊಂದು ಕ್ಲಬ್ಬು, ನಮ್ಮ ಮಿಲಿಟ್ರೀದೊಂದು. ಆರು ಕ್ಲಬ್ಬು ಒಂದರ ಮ್ಯಾಲ ಒಂದು ಆಡಿ, ಫೆಬ್ರುವರಿ ನಡುವ ಫೈನಲ್.

ನಾ ಆಡಾಂವಲ್ಲ. ಆಟ ಇದ್ದ ದಿನ ಮುಂಜಾನಿ ಕೆರಿಗೆ ಹೋಗಿ ಹನ್ನೆರಡು ಕಡೆ ಬರ್ಫಕ್ಕ ತೂತು ಕೊರದು, ಕೋಲು ಇಳಿಬಿಟ್ಟು ಎಷ್ಟು ದಪ್ಪ ಐತಿ ಅಂತ ಅಳೀಬೇಕು. ಎಂಟು ಇಂಚಿನ ಮ್ಯಾಲಿದ್ರ ಆಟ, ಇಲ್ಲಾಂದ್ರ ಇಲ್ಲ. ಹಲಗಿ ಮ್ಯಾಲ ಬರದು ಸಹಿ ಮಾಡಬೇಕು. ನನ್ನ ಸಹಿ ನೋಡಿ ಮಂದಿ ಕೆಳಗ ಇಳೀತಾರ.

ಕ್ಯಾಪ್ಟನ್ ಸಾಹೇಬ್ರು ನನ್ನ ಯಾಕ ಆರಿಸ್ಯಾರ ಗೊತ್ತೈತೇನು? ಭರ್ತಿ ಆಗೂ ಮುಂದ ನಾನ ಹೇಳಿದ್ದು ಕಾಗದದಾಗ ಐತಂತ: ಕೃಷ್ಣಾ ಹೊಳಿ ಕಡಿಯಾಂವ, ನೀರಿನ ತಿಳುವಳಿಕಿ ಇದ್ದಾಂವ. ‘ನನ್ನ ಕೈಲೆ ಆಗೂದಿಲ್ರಿ’ ಅನ್ನಬೇಕು ಅನ್ಸಿತು. ‘ಹೌದ್ರಿ’ ಅಂದೆ.

ನಿನ್ನ ಅತ್ತಿ ಅನಸವ್ವ ಹೆಂಗದಾಳ? ಈಗೂ ಸಂಜಿಮುಂದ ಹಳ್ಳದ ಕಡೆ ಹೋಗತಾಳೇನು?

ನಿನ್ನ ತಮ್ಮ
ಶಿವಪುತ್ರ

*

ಗಲಗಲಿ, ಹೊಸ ಊರು
19 ಡಿಸೆಂಬರ್ 2003

ಶಿವಪುತ್ರಗ,

ನಿನ್ನ ಪತ್ರ ಅಂಗನವಾಡಿಗೆ ಬಂತು. ಮೂವತ್ತು ಕೂಸುಗಳಿಗೆ ಉಪ್ಪಿಟ್ಟು ನೀಡಿ, ಮಲಗಿಸಿ, ಆಮ್ಯಾಲ ಓದಿದೆ. ನಿನ್ನ ಅಕ್ಷರ ಇನ್ನೂ ಎಡಕ್ಕ ವಾಲತಾವು. ಎಷ್ಟು ಬಡದ್ರೂ ತಿದ್ದಲಿಲ್ಲ ನೀ.

ಮುರಗೆಪ್ಪನ ಎಸ್ಟಿಡಿ ಅಂಗಡಿ ನಮ್ಮ ಓಣ್ಯಾಗ ಐತಿ. ನಿಮ್ಮ ತಮ್ಮ ಫೋನು ಯಾಕ ಮಾಡೂದಿಲ್ರಿ ಅಕ್ಕಾರ ಅಂತ ಅಂವ ಕೇಳತಾನ. ಅಲ್ಲಿ ಲೈನು ಸಿಗೂದಿಲ್ಲಪಾ ಅಂತೇನಿ.

ಅತ್ತೀದು ಕೇಳೀದಿ. ಹೋಗತಾಳ. ದಿನಾ. ಕಸಾ ಹೊಡದು ದೀಪಾ ಹಚ್ಚೂದರಾಗ ಕೋಲು ಹಿಡಕೊಂಡು ಹೊಂಡತಾಳ. ಡ್ಯಾಮಿನ ಹಿನ್ನೀರು ಈಗ ಹಳೀ ಊರ ಅಗಸಿಮಟ ಬಂದೈತಿ. ಅಲ್ಲೊಂದು ಕಲ್ಲಿನ ಮ್ಯಾಲ ಕುಂತು ಮಗನ್ನ ‘ಹುಲೆಪ್ಪಾ’ ಅಂತ ಒದರತಾಳ. ಮೂರು ಸಲ. ಆಚೀ ದಂಡ್ಯಾಗಿಂದ ಅದ ದನಿ ತಿರುಗಿ ಬರತೈತಿ. ‘ಓ ಅಂದ ನೋಡು’ ಅಂತಾಳ. ಓಣ್ಯಾಗಿನ ಮಂದಿ ಆ ಹೊತ್ತಿಗೆ ಆ ಕಡೆ ಸುಳ್ಯೂದಿಲ್ಲ.

ನನ್ನ ಕೈ ಹಿಡದ ನಿನ್ನ ಮಾವ ಹಳ್ಳದಾಗ ಇಳದು ಮೂರು ವರ್ಷ ಮ್ಯಾಲ ಮೂರು ತಿಂಗಳಾತು. ಹೆಣ ಸಿಗಲಿಲ್ಲ. ಮನೀ ಹಿರಿಯಾ ಕರೆಪ್ಪ ಕಾಕಾ ಮೊನ್ನಿ ಬಂದು, ‘ಹೊಳೀದಂಡ್ಯಾಗ ಬೀರಪ್ಪ ದೇವರ ಹೆಸರಿಲೆ ಕ್ರಿಯಾ ಮಾಡಿ ಮುಗಿಸೂಣು, ಸತ್ತಾಂವಗ ಒಂದು ನೆಲಿ ಬೇಕು’ ಅಂದ. ಅತ್ತಿ ಕೋಲು ಎತ್ತಿಕೊಂಡು ಬಂದಳು.

‘ಯಾಂವಲೇ ಸತ್ತಾಂವ? ಈ ಮಾಯವ್ವನ ತಮ್ಮ ಅವತ್ತ ಅದ ಹಳ್ಳ ದಾಟಿ ಬಂದಾನ. ನೀರು ಸೊಂಟಮಟ ಐತಿ ಅಂತ ನಿಮ್ಮ ಮುಂದನ ಹೇಳ್ಯಾನ. ಈಜು ಬಲ್ಲ ನನ್ನ ಮಗ ಸೊಂಟದಷ್ಟು ನೀರಾಗ ಮುಳಗತಾನೇನು? ಆಚೀ ದಂಡಿಗೆ ಹತ್ಯಾನ. ಎತ್ತಾಗೋ ಹೋಗ್ಯಾನ. ಬರತಾನ.’

ಕರೆಪ್ಪ ಕಾಕಾ ಎದ್ದು ಹೋದ.

ಅತ್ತಿ ನಿನಗೊಂದು ಮಾತು ಕೇಳಂದಾಳ. ಬರ್ಫದ ಕೆಳಗ ಇದ್ದವರು ಕೆಡೂದಿಲ್ಲಂತ, ಇದ್ದಂಗ ಇರತಾರಂತ, ಖರೇನು? ಯಾಕ ಕೇಳತಾಳೋ ನನಗ ತಿಳೀಲಿಲ್ಲ. ಬರತಾನ ಅನ್ನಾಕೀನೂ ಆಕೀನ, ಇದನ್ನ ಕೇಳಾಕೀನೂ ಆಕೀನ.

ಬೆಚ್ಚಗ ಇರು.

ಮಾಯವ್ವ

*

ಲೇಹ
7 ಜನವರಿ 2004

ಅಕ್ಕಾ,

ವಿಮಾನ ನಾಕ್ ದಿನ ಬರಲಿಲ್ಲ, ಅದಕ್ಕ ನಿನ್ನ ಪತ್ರ ತಡಾ ಆತು. ಅತ್ತಿಗೆ ಏನು ಹೇಳಲಿ? ಇಲ್ಲಿ ನೊರ್ಬೂ ಅಂತ ಒಬ್ಬ ಮುದುಕ ಅದಾನ, ನನ್ನ ಜೋಡಿ ಬರ್ಫ ನೋಡಕೊಳ್ಳಾಂವ. ಅವನ್ನ ಕೇಳಿದೆ. ಅಂವ ನನ್ನ ಮಾರಿ ನೋಡಿ, ‘ಯಾರು ಹೋಗ್ಯಾರ ನಿಂದು?’ ಅಂದ. ನಾ ಚಾ ಕಾಸಾಕ ಎದ್ದೆ. ಕೆಡೂದಿಲ್ಲ ಅಂತ ಅತ್ತಿಗೆ ಹೇಳಬ್ಯಾಡ.

ಆಟ ಚಾಲೂ ಆಗ್ಯಾವು. ಮೊದಲನೇ ಆಟ ಫಿನ್ಲಂಡಿಗೂ ನಮ್ಮ ಮಿಲಿಟ್ರಿ ಕ್ಲಬ್ಬಿಗೂ. ಫಿನ್ಲಂಡಿನವರು ಹುಟ್ಟಿದ್ದ ಬರ್ಫದಾಗ, ಗಾಳಿ ಬಂದಂಗ ಬರತಾರ. ಒಂದು ಕಡೆ ಆರ ಮಂದಿ. ದಣದಾಂವ ಆಟ ನಡದಾಗನ ಕಟ್ಟಿ ಜಿಗದು ಹೊರಗ ಬರತಾನ, ಇನ್ನೊಬ್ಬ ಒಳಗ ಜಿಗೀತಾನ. ನಮ್ಮವರು ಒಂಬತ್ತು ಗೋಲು ತಿಂದ್ರು. ನಮ್ಮ ಗೋಲು ಕಾಯಾಂವ ಹಣಮಪ್ಪ ಅಂತ, ಮುಧೋಳ ಕಡಿಯಾಂವ. ಹೊರಗ ಬಂದು, ‘ಶಿವಪುತ್ರ, ಆ ಬಿಲ್ಲಿ ಕಾಣೂದ ಇಲ್ಲಲೇ, ಎದಿಗೆ ಬಡದಾಗ ಬಂತು ಅಂತ ತಿಳೀತೈತಿ’ ಅಂದ. ಬಾಳ ದಿನದ ಮ್ಯಾಲ ನಾ ನಕ್ಕೆ.

ನಗು ಹಗಲಿನ ಮಾತು. ಹೊತ್ತು ಮುಣಗೂ ಮುಂದ ಮಂದಿ ಎಲ್ಲಾ ಹೋಗಿಬಿಡತಾರ. ಥಂಡಿ ಒಮ್ಮಿಲೆ ಇಳೀತೈತಿ. ಆವಾಗ ಬರ್ಫ ಕೂಗತೈತಿ ಅಕ್ಕಾ. ಮೊದಲನೇ ದಿನ ಕೇಳಿ ನಾ ದಂಡಿಗೆ ಓಡಿ ಬಂದೆ. ಆಕಳ ಈಯೂ ಮುಂದ ಒದರತೈತಲ್ಲ, ಹಂಗ. ಈ ತುದಿಗೆ ಚಾಲೂ ಆಗಿ ಆ ತುದಿಮಟ ಹೋಗತೈತಿ, ಕೆಳಗ ಯಾರೋ ಓಡಿ ಹೋದಂಗ. ಬರ್ಫ ದಪ್ಪ ಆಗೂ ಮುಂದ ಹಂಗ ಆಗತೈತಿ, ಛಲೋ ಲಕ್ಷಣ ಅಂತಾನ ನೊರ್ಬೂ. ನನ್ನ ಕಿವಿಗೆ ಅದು ಛಲೋ ಕೇಳಸೂದಿಲ್ಲ. ಒಮ್ಮೊಮ್ಮಿ ಅದರ ಹಿಂದ ಕುರಿ ಒದರಿದಂಗ ಆಗತೈತಿ. ಈ ಊರಾಗ ಈ ದಿನದಾಗ ಕುರಿ ಹೊರಗ ಬಿಡೂದಿಲ್ಲ. ನಾ ವಿಚಾರಿಸೇನಿ.

ಆಟದ ದಿನ ಹನ್ನೆರಡು ತೂತು ಕೊರೀತೇನಿ. ಕೊರದ ಕೂಡಲೆ ನೀರು ಬುಗ್ಗ ಅಂತ ಮ್ಯಾಲ ಬರತೈತಿ. ನಾ ಮಾರಿ ಆ ಕಡೆ ಮಾಡಿ ಕೋಲು ಇಳಿಬಿಡತೇನಿ.

ಶಿವಪುತ್ರ

*

ಲೇಹ
20 ಜನವರಿ 2004

ಅಕ್ಕಾ,

ನಿನ್ನ ಉತ್ತರಕ್ಕ ಕಾಯಲಾರದ ಮತ್ತ ಬರಿಯಾಕತ್ತೇನಿ. ಮೊನ್ನಿ ನಾ ಒಂದು ತಪ್ಪು ಮಾಡಿದೆ.

ಅವತ್ತ ಮುಂಜಾನಿ ಮಂಜು ಬಿದ್ದಿತ್ತು. ಉಸುರು ಬಿಟ್ರ ಮೀಸಿ ಮ್ಯಾಲ ಉಪ್ಪು ಕಟ್ಟಿದಂಗ ಬರ್ಫ ಕಟ್ಟತಿತ್ತು. ಒಂಬತ್ತು ತೂತು ಕೊರದೆ. ಬೆರಳು ಸತ್ತುಹೋದುವು. ಉಳದ ಮೂರು ಆಚೀ ತುದಿಗೆ. ನಿನ್ನಿ ಅಲ್ಲಿ ಹನ್ನೊಂದು ಇಂಚು ಇತ್ತು, ಇವತ್ತ ಇನ್ನಷ್ಟು ಥಂಡಿ ಐತಿ, ಕಡಿಮಿ ಹೆಂಗ ಆಗತೈತಿ? ಕೊರೀಲಿಲ್ಲ. ಹಲಗಿ ಮ್ಯಾಲ ಮೂರೂ ಕಡೆ ‘ಹನ್ನೊಂದು’ ಅಂತ ಬರದು ಸಹಿ ಹೊಡದೆ.

ಕೆನಡಾ ಮತ್ತ ಮಂಗೋಲಿಯಾದ ಆಟ. ನಾ ಒಂದು ಗೋಲೂ ನೋಡಲಿಲ್ಲ. ಆಚೀ ತುದಿಗೆ ಯಾಂವರ ಹೋದ್ರ ಅವನ ಬೂಟಿನ ಕೆಳಗಿನ ಬರ್ಫ ನೋಡತಿದ್ದೆ. ಒಮ್ಮಿ ಇಬ್ಬರು ಗುದ್ದಾಡಿಕೋಂತ ಹೋಗಿ ಅಲ್ಲೇ ಬಿದ್ರು. ಬರ್ಫ ಟಪ್ ಅಂತು. ನಾ ಕಣ್ಣು ಮುಚ್ಚಿದೆ. ತೆಗದಾಗ ಎದ್ದು ನಿಂತು ಮತ್ತ ಆಡಾಕತ್ತಿದ್ರು.

ಏನೂ ಆಗಲಿಲ್ಲ. ಆಟ ಮುಗದ ಮ್ಯಾಲ ತೂತು ಹಾಕೂ ಕೊರಪಿ ತಗೊಂಡು ಅಲ್ಲಿ ಹೋದೆ. ಕಸಬರಗಿಲೆ ಹಿಮಾ ಸರಿಸಿದೆ. ಕೆಳಗ ಬರ್ಫ ಕನ್ನಡಿ ಆಗೇತಿ. ಒಳಗ ನೀರಾಗ ಕರೀ ಹುಲ್ಲು ಮೆಲ್ಲಕ ಆ ಕಡೆ ಈ ಕಡೆ ಆಡತಿತ್ತು. ಮನಷ್ಯಾರ ಕೂದಲಿನಂಗ. ಯಾರೋ ತಲಿ ಎತ್ತಿ ಈಗ ನನ್ನ ನೋಡತಾರ ಅನ್ಸಿತು. ಮಣಕಾಲಮ್ಯಾಲ ಕುಂತು ನೋಡಿಕೋಂತನ ಇದ್ದೆ. ನೊರ್ಬೂ ಬಂದು ರಟ್ಟಿ ಹಿಡದು ಎಬ್ಬಿಸಿದ.

ತೂತು ಕೊರದು ನೋಡಿದೆ. ಹನ್ನೊಂದೂವರಿ ಇತ್ತು. ಅಂದ್ರ ನಾ ಬರದಿದ್ದು ಸುಳ್ಳಲ್ಲ. ಆದ್ರ ನಾ ಅಳದಿರಲಿಲ್ಲ.

ಇದನ್ನ ನಿನಗ ಯಾಕ ಹೇಳಾಕತ್ತೇನೋ ಗೊತ್ತಿಲ್ಲ.

ಶಿವಪುತ್ರ

*

ಗಲಗಲಿ
3 ಫೆಬ್ರುವರಿ 2004

ತಮ್ಮಾ,

ಎರಡೂ ಪತ್ರ ಮುಟ್ಟಿದುವು. ಅತ್ತಿಗೆ ನೆಗಡಿ, ಜ್ವರ. ಆದ್ರೂ ಹಳ್ಳಕ್ಕ ಹೋಗೂದು ತಪ್ಪಿಸಿಲ್ಲ. ನಿನ್ನಿ ನಾನೂ ಹೋಗಿ ಆಕಿ ಬಾಜೂಕ ಕುಂತೆ.

ಅಳೀಲಾರದ ಬರೀಬ್ಯಾಡ.

ಮಾಯವ್ವ

*

ಲೇಹ
17 ಫೆಬ್ರುವರಿ 2004

ಅಕ್ಕಾ,

ನಿನ್ನ ಪತ್ರ ಫೈನಲ್ ಮುಂಚಿನ ದಿನ ಬಂತು. ಕಡೀ ಎರಡ ಶಬ್ದಕ್ಕ ನನಗ ನಿದ್ದಿ ಹೋತು. ಇವತ್ತ ಎಲ್ಲಾ ಬರೀತೇನಿ. ಓದಿದ ಮ್ಯಾಲ ಒಲಿಗೆ ಹಾಕಿದ್ರೂ ಹಾಕು.

ಫೈನಲ್ ಹದಿನೈದಕ್ಕಿತ್ತು. ಫಿನ್ಲಂಡು ಐದೂ ಆಟ ಗೆದ್ದಿತ್ತು, ಕಜಾಕಸ್ತಾನ ನಾಕು. ಒಂದೂವರಿ ತಿಂಗಳು ಇದೊಂದು ಆಟಕ್ಕ ಕಾದವರು. ಹದಿನಾರಕ್ಕ ಅವರ ವಿಮಾನ. ಒಂದು ವಾರದಿಂದ ಬಿಸಲು ಜೋರಾಗಿ, ಹಗಲಿಗೆ ಬರ್ಫದ ಮ್ಯಾಲ ನೀರು ನಿಲ್ಲತಿತ್ತು.

ಆ ಮುಂಜಾನಿ ಹನ್ನೊಂದು ತೂತು ಅಳದೆ. ಎಲ್ಲಾ ಒಂಬತ್ತರ ಮ್ಯಾಲ. ಹನ್ನೆರಡನೇದು ಬಡಗಣ ದಂಡ್ಯಾಗ, ನೆಲದಾಗಿಂದ ಉಕ್ಕೂ ಊಟಿ ನೀರು ಕೆರಿಗೆ ಸೇರೂ ಜಾಗ. ಅಲ್ಲಿ ಹೋಗಿ ನೋಡಿದ್ರ, ಹಿಂದಿನ ದಿನ ಸಂಜಿಗೆ ದೊಡ್ಡ ಮಂದಿ ಕುಂದರಾಕ ಬರ್ಫದ ಮ್ಯಾಲನ ಕಟ್ಟಿಗಿ ಮಂಟಪ ಹಾಕಿ ಜಮಖಾನಿ ಹಾಸಿಬಿಟ್ಟಾರ. ಇನ್ನೂರು ಕುರ್ಚಿ.

ಕ್ಯಾಪ್ಟನ್ ಸಾಹೇಬ್ರಿಗೆ ಹೇಳಿದೆ, ‘ಮಂಟಪ ಬಿಚ್ಚಬೇಕ್ರಿ. ಅಳೀಬೇಕು.’

‘ಹುಚ್ಚ ಅದೀಯೇನು? ಇನ್ನ ಎರಡು ತಾಸಿಗೆ ಮಂದಿ ಬರತಾರ. ನಿನ್ನಿ ಎಷ್ಟಿತ್ತು?’

‘ಮೊನ್ನಿ ಒಂಬತ್ತು ಇತ್ರಿ. ನಿನ್ನಿ ಆಟ ಇರಲಿಲ್ಲ, ಅಳೀಲಿಲ್ಲ.’

‘ಹಂಗಾದ್ರ ಒಂಬತ್ತು ಬರಿ.’

ಸುಣ್ಣದ ಕಡ್ಡಿ ಹಿಡಕೊಂಡು ಹಲಗಿ ಮುಂದ ನಿಂತೆ. ಒಂಬತ್ತು ಅಂತ ಬರಿಯಾಕ ಎಷ್ಟು ಹೊತ್ತು ಬೇಕು? ಕೈ ಏಳಲಿಲ್ಲ. ‘ನಾ ಅಳದಿಲ್ರೀ ಸಾಹೇಬ್ರ. ಬರಿಯೂದಿಲ್ಲ’ ಅಂದೆ. ಅವರು ಹೆದರಿಸಿದ್ರು, ಆಮ್ಯಾಲ ಹೆಗಲ ಮ್ಯಾಲ ಕೈ ಇಟ್ಟು ಹೇಳಿದ್ರು. ಅವರಿಗಿಂತ ದೊಡ್ಡ ಸಾಹೇಬ್ರು ಬಂದ್ರು. ನಾ ಅದೊಂದ ಮಾತು. ಬ್ಯಾರೆ ಯಾರಿಗರ ಸಹಿ ಮಾಡಂದ್ರು, ನನ್ನ ನೋಡಿ ಯಾರೂ ಮುಂದ ಬರಲಿಲ್ಲ. ವಾದ ಮಾಡೂದರಾಗ ಬಿಸಲು ಏರಿ ಬರ್ಫ ಪಚಪಚ ಆತು. ಫೈನಲ್ ರದ್ದು. ಎರಡೂ ಕ್ಲಬ್ಬಿಗೆ ಕೂಡಿಸಿ ಕಪ್ಪು ಕೊಟ್ರು. ಫಿನ್ಲಂಡಿನ ಕಪ್ತಾನ, ಆರಡಿ ಮನಷ್ಯಾ, ಕೋಲು ನೆಲಕ್ಕ ಬಡದು ಮುರದು, ದಂಡ್ಯಾಗ ಕುಂತು ಮಾರಿ ಮುಚ್ಚಿಕೊಂಡ. ನನ್ನ ಮುಂದ ಹಾದು ಹೋಗೂ ಮುಂದ ಒಬ್ಬರೂ ನನ್ನ ಮಾರಿ ನೋಡಲಿಲ್ಲ.

ಮರದಿನ ಮಂಟಪ ಬಿಚ್ಚಿದ್ರು. ಎಲ್ಲಾರ ಮುಂದ ನಾನ ಕೊರದು ಅಳದೆ.

ಹತ್ತೂವರಿ ಇಂಚು. ಮಂಟಪದ ನೆರಳಿಗೆ ಬಿಸಲು ಬಡೀಲಾರದ ಎಲ್ಲಾ ಕಡೆಗಿಂತ ಗಟ್ಟಿ ಆಗಿತ್ತು. ಮಂದಿ ನಕ್ರು. ಹಣಮಪ್ಪ ಸುದ್ದಾ ನಕ್ಕ. ನನ್ನ ಈಗ ಸಾಮಾನಿನ ಗೋದಾಮಿಗೆ ಹಾಕ್ಯಾರ.

ಅವರು ನಗಲಿ. ನಾ ಬರೀಲಿಲ್ಲ. ಅದ ಧೈರ್ಯದ ಮ್ಯಾಲ ಇದನ್ನ ಬರೀತೇನಿ.

ಅವತ್ತ ನಾ ಹಳ್ಳ ದಾಟಿರಲಿಲ್ಲ ಅಕ್ಕಾ.

ರಜಾಕ್ಕ ಬಂದಾಂವ ಜಮಖಂಡಿಯಿಂದ ಟೆಂಪೋದಾಗ ಸುತ್ತಿನ ದಾರಿ ಹಿಡದು ಬಂದೆ. ನಿಮ್ಮ ಊರ ಹೊರಗ ಇಳದು ನಡಕೋಂತ ಬಂದೆ. ಕಟ್ಟಿ ಮ್ಯಾಲ ಕರೆಪ್ಪ ಕಾಕಾ, ಇನ್ನೊಂದು ನಾಕ ಮಂದಿ ಕುಂತಿದ್ರು. ‘ಮಿಲಿಟ್ರಿ ಅಳಿಯಾ ಬಂದ ನೋಡ್ರಿ, ಗಾಡಿ ಇಲ್ಲಾಂದ್ರ ನಾಕ್ ಹೆಜ್ಜಿ ನಡಿಯಾಂವಲ್ಲ’ ಅಂದ ಕಾಕಾ. ಎಲ್ಲಾರೂ ನಕ್ರು. ನನಗ ಸಿಟ್ಟು ಬಂತು. ‘ಗಾಡ್ಯಾಗ ಯಾಂವ ಬಂದಾನ? ಹಳ್ಳ ದಾಟಿ ಬಂದೇನಿ’ ಅಂದೆ. ಅಷ್ಟ. ಒಂದು ಜಂಬದ ಮಾತು.

ಚಾ ಕುಡಿಯೂ ಮುಂದ ಮಾವ ಕೇಳಿದ, ‘ನೀರು ಎಷ್ಟೈತೋ ಶಿವಪುತ್ರ? ಕುರಿ ಆಚೀ ದಂಡ್ಯಾಗ ಉಳದಾವು. ಹಿನ್ನೀರು ಏರಾಕತ್ತೈತಂತ.’ ಆವಾಗರ ಹೇಳಬೇಕಿತ್ತು. ಎಲ್ಲಾರೂ ನನ್ನ ನೋಡಾಕತ್ತಿದ್ರು. ‘ಸೊಂಟಮಟ’ ಅಂದೆ.

ಅಂವ ಟಾವೆಲ್ಲು ಹೆಗಲಿಗೆ ಹಾಕ್ಕೊಂಡು ಹೋದ. ನಾ ನಿನ್ನ ಕೈಯಾಗಿನ ಬಿಸಿ ರೊಟ್ಟಿ ತಿನ್ನಕೋಂತ ಕುಂತೆ. ಕುರಿ ಒದರೂದು ಕೇಳಿ ನಾವೆಲ್ಲಾ ಓಡಿ ಹೋದಾಗ, ಆಚೀ ದಂಡ್ಯಾಗ ನಲವತ್ತೂ ಕುರಿ ನೀರಿನ ಕಡೆ ಮಾರಿ ಮಾಡಿ ನಿಂತಿದ್ದುವು. ನೀರು ಎರಡಾಳು ಇತ್ತು, ಸೆಳವು ಬ್ಯಾರೆ. ಅಂವ ದಾಟಿದ ಮ್ಯಾಲ ಏರೇತಿ ಅಂದಳು ಅತ್ತಿ.

ಅವತ್ತಿನಿಂದ ಅತ್ತಿ ಆ ಕಲ್ಲಿನ ಮ್ಯಾಲ ಕುಂತಿದ್ದು ನನ್ನ ಆ ಒಂದು ಮಾತಿನ ಮ್ಯಾಲ.

ಶಿವಪುತ್ರ

*

ಲೇಹ
22 ಮಾರ್ಚ್ 2004

ಅಕ್ಕಾ,

ಪತ್ರ ಮುಟ್ಟಿರಬೇಕು. ಒಂದು ತಿಂಗಳ ಮ್ಯಾಲಾತು. ಬಯ್ಯಾಕರ ಬರಿ ಅಂತ ಕೇಳೂದಿಲ್ಲ, ಅದನ್ನ ಕೇಳೂ ಹಕ್ಕಿಲ್ಲ ನನಗ. ಕೆರಿ ಬರ್ಫ ಕರಗಿತು. ಈಗ ಬರೇ ನೀರು. ನೊರ್ಬೂ ದಂಡಿಗೆ ಕುಂತು ಬಟ್ಟಿ ಒಗೀತಾನ. ಬಾ ಅಂತ ಕರೀತಾನ. ನಾ ಹೋಗೂದಿಲ್ಲ.

ಶಿವಪುತ್ರ

*

ಗಲಗಲಿ
14 ಏಪ್ರಿಲ್ 2004

ಶಿವಪುತ್ರ,

ನಿನ್ನ ಪತ್ರ ಫೆಬ್ರುವರಿ ಕಡೀಕ ಮುಟ್ಟಿತು. ಉತ್ತರ ಬರದು ಬರದು ಹರದೆ. ಸಿಟ್ಟಿಲೆ ಅಂತ ತಿಳದಿರಬೇಕು ನೀ. ಸಿಟ್ಟಲ್ಲ. ನೀ ಹೇಳಿದ ಮ್ಯಾಲ ನಾನೂ ಹೇಳಬೇಕಾಗತೈತಿ. ಅದಕ್ಕ ಇಷ್ಟು ದಿನ ಹಿಡೀತು.

ಅವತ್ತ ನೀ ಬಂದಾಗ ಕಾಲಿಗೆ ನೀರು ಕೊಟ್ಟಾಕಿ ಯಾರು? ನಾನ. ನೀ ಬೂಟು ಬಿಚ್ಚಿದಿ, ಕಾಲುಚೀಲ ಬಿಚ್ಚಿದಿ. ಕಾಲ ಮ್ಯಾಲ ಕಾಲುಚೀಲದ ಬರಿ ಹಂಗ ಇದ್ದುವು. ಉಗುರಿನ ಸಂದ್ಯಾಗ ಒಂದು ಚೂರು ಕೆಸರಿಲ್ಲ. ನಮ್ಮ ಎರಿಮಣ್ಣಿನ ಹಳ್ಳ ದಾಟಿದವರ ಕಾಲು ಎರಡು ದಿನ ತಿಕ್ಕಿದ್ರೂ ಸ್ವಚ್ಛ ಆಗೂದಿಲ್ಲ. ಪ್ಯಾಂಟಿನ ಇಸ್ತ್ರಿ ಮುರದಿರಲಿಲ್ಲ. ತಂಬಿಗಿ ಹಿಡಕೊಂಡು ನಿಂತಾಗನ ನನಗ ತಿಳೀತು, ಇಂವ ಹಳ್ಳ ದಾಟಿಲ್ಲ ಅಂತ.

ತಿಳದೂ ನಕ್ಕೆ. ಸಣ್ಣಾಂವ ಇದ್ದಾಗೂ ಹಿಂಗ ಜಂಬಾ ಕೊಚ್ಚತಿದ್ದಿ.

ಆಮ್ಯಾಲ ನಿನ್ನ ಮಾವ ಕೇಳಿದ, ನೀರು ಎಷ್ಟೈತಿ ಅಂತ. ನೀ ಸೊಂಟಮಟ ಅಂದಿ. ನಾ ಬಾಗಲದಾಗ ನಿಂತಿದ್ದೆ. ಬಾಯಿ ತೆರದಿದ್ರ ಸಾಕಿತ್ತು. ‘ರೀ, ಅವನ ಮಾತು ಕೇಳಬ್ಯಾಡ್ರಿ, ಅಂವ ಹಳ್ಳ ದಾಟಿಲ್ಲ’ ಅಂದಿದ್ರ ಎಲ್ಲಾರೂ ನಕ್ಕು ಸುಮ್ಮನ ಆಗತಿದ್ರು. ಕರೆಪ್ಪ ಕಾಕಾ ಕುಂತಿದ್ದ. ನಿನ್ನ ಮಾವನ ಅಣ್ಣತಮ್ಮರು ಕುಂತಿದ್ರು. ನನ್ನ ತವರಾಗ ಇದ್ದಾಂವ ನೀ ಒಬ್ಬ. ಮಿಲಿಟ್ರಿ ಸೇರಿದಾಂವ. ಅವರ ಮುಂದ ನೀ ಸುಳ್ಳಾ ಅನ್ನಿಸಿಕೊಳ್ಳೂದು ನನಗ ಬ್ಯಾಡಾಗಿತ್ತು. ಬಾಯಿ ಮುಚ್ಚಿಕೊಂಡೆ. ನಿನ್ನ ಮಾನ ಉಳಿಸಿದೆ ನೋಡು.

ನೀ ಸುಳ್ಳು ಹೇಳೂ ಮುಂದ ನೀರು ಎಷ್ಟೈತಿ ಅಂತ ನಿನಗ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದ್ರ ನಿನಗ ಗೊತ್ತಿಲ್ಲ ಅನ್ನೂದು ನನಗ ಗೊತ್ತಿತ್ತು.

ದಿನಾ ಅತ್ತಿ ಪಲ್ಲೆಕ್ಕ ಉಪ್ಪು ಹಾಕೂ ಮುಂದ, ತಲಿ ಬಾಚೂ ಮುಂದ, ‘ಸೊಂಟಮಟ ನೀರಾಗ ಯಾರರ ಸಾಯತಾರೇನ ಮಾಯವ್ವ?’ ಅಂತಾಳ. ಇಲ್ಲತ್ತಿ ಅಂತೇನಿ. ಹಗಲೆಲ್ಲಾ ಆಕೀ ಜೋಡಿ ಇರೂದು ಹೆಂಗಿರತೈತಿ ಅಂತ ನಿನಗ ತಿಳೀದು. ನೀ ಓಡಿಹೋದಿ. ನಾ ಇಲ್ಲೇ ಇದ್ದೆ.

ಆಕಿಗೆ ಈ ಮಾತು ನಾ ಹೇಳಾಕ ಆಗೂದಿಲ್ಲ. ಎಷ್ಟೋ ಸಲ ನೋಡಿದೆ. ನೀ ಹೇಳಿದ ಮಾತು, ನೀನ ಬಂದು ಹಿಂದಕ ತಗೋ. ರಜಾ ತಗೊಂಡು ಬಾ.

ಮಾಯವ್ವ

*

ಗಲಗಲಿ
9 ಜೂನ್ 2004

ತಮ್ಮಾ,

ನೀ ಹೋಗಿ ಎಂಟು ದಿನ ಆತು. ರೈಲಿನ್ಯಾಗ ಇರತಿ ಅಂತ ನಾಕ್ ದಿನ ಬಿಟ್ಟು, ಆಮ್ಯಾಲೂ ನಾಕ್ ದಿನ ಬಿಟ್ಟು ಬರೀತೇನಿ. ಇಲ್ಲಿ ಇದ್ದಾಗ ನಾವು ಜಾಸ್ತಿ ಮಾತಾಡಲಿಲ್ಲ. ಅದಕ್ಕ ನೀ ಹೋದ ಮ್ಯಾಲ ಏನೇನಾತು ಹೇಳತೇನಿ.

ನೀ ಅತ್ತಿ ಮುಂದ ಕುಂತು, ಕರೆಪ್ಪ ಕಾಕಾನೂ ಕರಿಸಿ, ಎಲ್ಲಾ ಹೇಳಿದ್ಯಲ್ಲ, ಆಕಿ ಬಯ್ಯಲಿಲ್ಲ, ಬಡೀಲಿಲ್ಲ. ‘ಎರಡಾಳು ನೀರಿತ್ತೇನು?’ ಅಂತ ಒಮ್ಮಿ ಕೇಳಿ, ನೀ ಹೌದಂದ ಕೂಡಲೆ ಒಳಗ ಹೋಗಿ ಮಲಗಿದಳು. ಅದನ್ನ ನೋಡಿ ನೀ ಅಂಗಳದಾಗ ಒಬ್ಬನ ನಿಂತಿದ್ದು ನನಗ ಕಾಣತಿತ್ತು. ನಾನೂ ಹೊರಗ ಬರಲಿಲ್ಲ. ನನ್ನ ಪಾಲೂ ಆಕೀ ಮುಂದ ಹೇಳೂದಿತ್ತು. ನೀ ಇದ್ದ ನಾಕ್ ದಿನ ನನ್ನ ಬಾಯಿ ಬರಲಿಲ್ಲ.

ನೀ ಹೋದ ದಿನ ಸಂಜೀಕ ಆಕಿ ಹಳ್ಳಕ್ಕ ಹೊಂಟಳು. ಹಿಂದಿಂದ ನಾ ಹೋದೆ. ಕಲ್ಲಿನ ಮ್ಯಾಲ ಕುಂದರಲಿಲ್ಲ. ನಿಂತು ನೀರು ನೋಡಿದಳು. ಒದರಲಿಲ್ಲ. ನಾ ಆವಾಗ ಹೇಳಿದೆ, ‘ಅತ್ತಿ, ಶಿವಪುತ್ರ ಸುಳ್ಳು ಹೇಳಾಕತ್ತಾನ ಅಂತ ನನಗ ಆಗನ ಗೊತ್ತಾಗಿತ್ತು’ ಅಂತ. ಅಷ್ಟು ಹೇಳೂದಕ್ಕ ಮೂರೂವರಿ ವರ್ಷ ಹಿಡೀತು ನನಗ.

ಆಕಿ ತಿರುಗಿ ನನ್ನ ಮಾರಿ ನೋಡಿದಳು. ಕಪಾಳಕ್ಕ ಹೊಡದಳು. ಒಂದ ಏಟು. ಆಮ್ಯಾಲ ನೆಲಕ್ಕ ಕುಂತು, ಎರಡೂ ಕೈಲೆ ಎದಿ ಬಡಕೊಂಡು, ‘ನನ್ನ ಮಗ ಸತ್ತಾನವ್ವೋ’ ಅಂತ ಅತ್ತಳು. ಅವತ್ತ ಅಳಬೇಕಾದ್ದು ಇವತ್ತ ಅತ್ತಳು. ಊರ ಹೆಂಗಸರು ದೂರಿಂದ ಕೇಳಿ ಓಡಿ ಬಂದ್ರು. ಹೆಣ ಇಲ್ಲ, ಏನಿಲ್ಲ, ಬರೇ ನೀರು ಮುಂದ ಇಟ್ಟಕೊಂಡು ಹೊತ್ತು ಮುಣಗೂ ತನಕ ಎಲ್ಲಾರೂ ಕೂಡಿ ಅತ್ವಿ.

ಮೂರನೇ ದಿನ ಕರೆಪ್ಪ ಕಾಕಾ ದಂಡ್ಯಾಗ ಕ್ರಿಯಾ ಮಾಡಿಸಿದ. ನಿನ್ನ ಮಾವಗ ಸೇರತಿದ್ದ ಬದನಿಕಾಯಿ ಪಲ್ಲೆ ಮಾಡಿದ್ದೆ. ಎಡಿ ಇಟ್ಟ ಮ್ಯಾಲ ಕಾಗಿ ಬಾಳ ಹೊತ್ತು ಬರಲಿಲ್ಲ. ಬರೂ ತನಕ ಯಾರೂ ಕದಲಲಿಲ್ಲ. ಬಂತು.

ಅತ್ತಿ ಈಗ ಸಂಜಿಮುಂದ ಮನ್ಯಾಗ ಇರತಾಳ. ನನ್ನ ಜೋಡಿ ಮಾತು ಕಡಿಮಿ. ಉಣ್ಣಾಕ ಹಾಕಿದ್ರ ಉಣ್ಣತಾಳ. ನಿನ್ನಿ ತಾನಾಗಿ ನನ್ನ ತಾಟಿಗೆ ಮಜ್ಜಿಗಿ ಸುರದಳು. ಇಷ್ಟ ಆಗೇತಿ. ಮುಂದ ಏನೋ ಗೊತ್ತಿಲ್ಲ.

ಆ ಹೊತ್ತಿಗೆ ಮನಿ ಸುಮ್ಮನ ಇರತೈತಿ. ಆಕಿ ಒದರೂದು ಕೇಳಿ ಕೇಳಿ ನನಗ ರೂಢಿ ಆಗಿತ್ತು. ಈಗ ನಾ ಒಬ್ಬಾಕೀನ ಒಲಿ ಮುಂದ ಕುಂತಾಗ, ಆಚೀ ದಂಡ್ಯಾಗಿಂದ ಯಾರೋ ಓ ಅಂದಂಗ ಆಗತೈತಿ. ಈ ಕಡೆಯಿಂದ ಯಾರೂ ಕರದಿರೂದಿಲ್ಲ. ಆದ್ರೂ ಕೇಳತೈತಿ. ಅತ್ತಿಗೆ ಹೇಳಿಲ್ಲ. ನಿನಗ ಹೇಳಾಕತ್ತೇನಿ, ಯಾಕಂದ್ರ ನಿನಗೂ ಕುರಿ ಕೇಳತಾವಲ್ಲ.

ಬಸ್ಸು ಹತ್ತೂ ಮುಂದ ನೀ ಕಿಡಕ್ಯಾಗಿಂದ ಕೇಳಿದಿ, ‘ಅಕ್ಕಾ, ನನ್ನ ಮಾಫ ಮಾಡೀದೇನು?’ ಬಸ್ಸು ಬಿಟ್ಟಿತು, ನಾ ಉತ್ತರ ಕೊಡಲಿಲ್ಲ. ಬಸ್ಸು ಬಿಡಲಾರದ ಇದ್ರೂ ಕೊಡತಿದ್ದಿಲ್ಲ. ಎಂಟು ದಿನ ವಿಚಾರ ಮಾಡೇನಿ. ಇಲ್ಲ, ಮಾಡಿಲ್ಲ. ನಿನ್ನೂ ಮಾಡಿಲ್ಲ, ನನ್ನೂ ಮಾಡಿಲ್ಲ. ಸುಳ್ಳು ಬರಿಯಾಕ ನನಗ ಮನಸಿಲ್ಲ.

ದಸರಾಕ್ಕ ರಜಾ ಹಾಕು. ಮನಿಗೆ ಬಾ.

ನಿನ್ನ ಅಕ್ಕ
ಮಾಯವ್ವ